ನೀರಿನ ಜಾಡು ಹಿಡಿದು ಭೂಶಾಖ ವಿದ್ಯುತ್ ಸ್ಥಾವರವನ್ನು ಅರಿಯುವ ಬಗೆ

ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿರುವ ಶಾಖೋತ್ಪನ್ನ ವಿದ್ಯುತ್ ಕೇಂದ್ರವನ್ನು ಒಮ್ಮೆ ಮನಸ್ಸಿನಲ್ಲಿಯೇ ಬಿಡಿಸಿ ನೋಡಿ. ಗೂಡ್ಸ್ ರೈಲಿನಲ್ಲಿ ಬರುವ ಕಲ್ಲಿದ್ದಲು, ಅದನ್ನು ಅರೆದು ಪುಡಿ ಮಾಡುವ ಗಿರಣಿ, ಪುಡಿಯನ್ನು ಉರಿಸುವ ಕುಲುಮೆ, ಆ ಉರಿಯಿಂದ ನೀರನ್ನು ಹಬೆಯಾಗಿಸುವ ಬಾಯ್ಲರ್, ಹಬೆಯ ರಭಸಕ್ಕೆ ತಿರುಗುವ ಟರ್ಬೈನ್, ಅದಕ್ಕೆ ಜೋಡಿಸಿದ ಜನರೇಟರ್, ಕೊನೆಯಲ್ಲಿ ಹಬೆಯನ್ನು ಮತ್ತೆ ನೀರಾಗಿಸುವ ಕಂಡೆನ್ಸರ್. ಈ ಸಾಲಿನಿಂದ ಕಲ್ಲಿದ್ದಲು, ಗಿರಣಿ, ಕುಲುಮೆ, ಎತ್ತರದ ಚಿಮಣಿ, ಹಾರುಬೂದಿಯ ಹೊಂಡ ಇಷ್ಟನ್ನೂ ತೆಗೆದುಹಾಕಿ, ಬಾಯ್ಲರಿನ ಜಾಗದಲ್ಲಿ ಒಂದೆರಡು ಕಿಲೋಮೀಟರ್ ಆಳದ ಬಿಸಿ ಬಂಡೆಯನ್ನು ಇಟ್ಟರೆ ಉಳಿಯುವುದೇ ಭೂಶಾಖ ವಿದ್ಯುತ್ ಸ್ಥಾವರ. ಟರ್ಬೈನಿನಿಂದ ಆಚೆಗೆ ಇವೆರಡರ ನಡುವೆ ಹೆಚ್ಚಿನ ವ್ಯತ್ಯಾಸವಿಲ್ಲ. ಟರ್ಬೈನಿನಿಂದ ಈಚೆಗೆ ಮಾತ್ರ ಎಲ್ಲವೂ ಬೇರೆ.

ಇಂಥ ಒಂದು ಸ್ಥಾವರದ ಸುದ್ದಿಯನ್ನೋ ಯೋಜನಾ ವರದಿಯನ್ನೋ ಓದುವಾಗ ಅದನ್ನು ತೂಗಿ ನೋಡುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಕ್ರಮ ಸರಳವಾದದ್ದು: ನೀರಿನ ಜಾಡು ಹಿಡಿಯಬೇಕು. ನೀರು ಎಲ್ಲಿ ಕಾಯುತ್ತದೆ, ಬಾವಿಯ ಬಾಯಿಗೆ ಯಾವ ರೂಪದಲ್ಲಿ ಬರುತ್ತದೆ, ಎಷ್ಟು ಶಾಖವನ್ನು ಬಿಟ್ಟುಕೊಡುತ್ತದೆ, ಆಮೇಲೆ ಎಲ್ಲಿಗೆ ಹೋಗುತ್ತದೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಸ್ಥಾವರ ಅರ್ಥವಾದಂತೆಯೇ. ನಾಲ್ಕನೆಯ ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ, ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ.

ಮೊದಲು ಪದವನ್ನು ಬಿಡಿಸಿಕೊಳ್ಳಿ

ಪಠ್ಯಪುಸ್ತಕಗಳಲ್ಲಿ ಭೂಶಾಖ ಶಕ್ತಿ, ಭೂಉಷ್ಣ ಶಕ್ತಿ ಎಂದೆಲ್ಲ ಬರೆದಿರುವುದು ಒಂದೇ ವಸ್ತುವನ್ನು. ಮೂಲದ ಗ್ರೀಕ್ ಪದದಲ್ಲಿಯೂ ಭೂಮಿ ಮತ್ತು ಬಿಸಿ ಎಂಬ ಎರಡು ಅರ್ಥಗಳೇ ಕೂಡಿಕೊಂಡಿವೆ. ನಾನು ಭೂಶಾಖ ಎಂಬುದನ್ನೇ ಬಳಸುತ್ತೇನೆ, ಏಕೆಂದರೆ ಶಾಖ ಮತ್ತು ಉಷ್ಣತೆ ಒಂದೇ ಅಲ್ಲ. ಉಷ್ಣತೆಯೆಂದರೆ ವಸ್ತು ಎಷ್ಟು ಬಿಸಿಯಾಗಿದೆ ಎಂಬ ಅಳತೆ. ಶಾಖವೆಂದರೆ ಅದರಿಂದ ಹರಿದು ಬರುವ ಶಕ್ತಿಯ ಮೊತ್ತ. ಒಂದು ಲೋಟ ಕುದಿಯುವ ನೀರಿಗಿಂತ ಒಂದು ಹಂಡೆ ಬೆಚ್ಚಗಿನ ನೀರಿನಲ್ಲಿ ಹೆಚ್ಚು ಶಾಖವಿರಬಹುದು. ವಿದ್ಯುತ್ ತೆಗೆಯುವವನಿಗೆ ಎರಡೂ ಬೇಕು.

ಇನ್ನೆರಡು ಗೊಂದಲಗಳನ್ನು ಆರಂಭದಲ್ಲಿಯೇ ಪರಿಹರಿಸಿಕೊಳ್ಳುವುದು ಒಳ್ಳೆಯದು. ನಮ್ಮಲ್ಲಿ ಥರ್ಮಲ್ ಪವರ್ ಎಂದರೆ ಕಲ್ಲಿದ್ದಲಿನ ಕರೆಂಟು ಎಂದೇ ರೂಢಿಯಾಗಿರುವುದರಿಂದ, ಜಿಯೋಥರ್ಮಲ್ ಎಂಬುದನ್ನು ನೆಲದಿಂದ ಅಗೆದ ಇಂಧನವನ್ನು ಉರಿಸುವ ವಿಧಾನವೆಂದು ತಿಳಿಯುವವರಿದ್ದಾರೆ. ಭೂಶಾಖ ಸ್ಥಾವರದಲ್ಲಿ ಏನನ್ನೂ ಉರಿಸುವುದಿಲ್ಲ. ಎರಡನೆಯದು, ಮನೆಯ ಅಂಗಳದಲ್ಲಿ ಕೊಳವೆ ಹೂತು ಚಳಿಗಾಲದಲ್ಲಿ ಕೋಣೆಯನ್ನು ಬೆಚ್ಚಗಿಡುವ ಹೀಟ್ ಪಂಪ್ ವ್ಯವಸ್ಥೆಯನ್ನೂ ಹೊರದೇಶಗಳಲ್ಲಿ ಇದೇ ಹೆಸರಿನಿಂದ ಕರೆಯುತ್ತಾರೆ. ಅದು ವಿದ್ಯುತ್ತನ್ನು ಬಳಸುವ ಯಂತ್ರವೇ ಹೊರತು ಉತ್ಪಾದಿಸುವ ಸ್ಥಾವರವಲ್ಲ. ವರದಿಯಲ್ಲಿ ಈ ಪದ ಕಂಡಾಗ ಯಾವುದರ ಮಾತು ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ.

ನೀರು ಕಾಯುವ ಜಾಗ

ಭೂಮಿಯ ಒಳಗಿನ ಬಿಸಿಗೆ ಎರಡು ಮೂಲಗಳಿವೆ. ಭೂಮಿ ರೂಪುಗೊಂಡಾಗ ಉಳಿದುಕೊಂಡ ಶಾಖ ಒಂದು. ಬಂಡೆಗಳಲ್ಲಿರುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಧಾತುಗಳ ವಿಕಿರಣದಿಂದ ಈಗಲೂ ಹುಟ್ಟುತ್ತಿರುವ ಶಾಖ ಇನ್ನೊಂದು. ಸಾಮಾನ್ಯವಾಗಿ ಒಂದು ಕಿಲೋಮೀಟರ್ ಕೆಳಗಿಳಿದರೆ ಉಷ್ಣತೆ 25ರಿಂದ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಏರುತ್ತದೆ. ಆದರೆ ಈ ಸರಾಸರಿಯನ್ನು ನಂಬಿ ಯಾವ ಊರಿನ ಬಗೆಗೂ ತೀರ್ಮಾನಕ್ಕೆ ಬರಬಾರದು.

ಕೋಲಾರದ ಚಿನ್ನದ ಗಣಿ ಇದಕ್ಕೆ ನಮ್ಮದೇ ಉದಾಹರಣೆ. ಅಲ್ಲಿನ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿಯನ್ನು ಮೀರಿದ್ದರಿಂದ ಕಾರ್ಮಿಕರಿಗಾಗಿ ತಂಪುಗಾಳಿಯನ್ನು ಒಳಗೆ ಕಳುಹಿಸಬೇಕಾಗುತ್ತಿತ್ತು. ಆ ಕಾರ್ಮಿಕರಿಗೆ ಅದು ಸಹಿಸಲಾಗದ ಬಿಸಿ. ವಿದ್ಯುತ್ ಸ್ಥಾವರದ ದೃಷ್ಟಿಯಿಂದ ನೋಡಿದರೆ ಅಷ್ಟು ಆಳಕ್ಕೆ ಅದು ತೀರಾ ಕಡಿಮೆ. ಐಸ್‌ಲ್ಯಾಂಡಿನ ಕ್ರಾಫ್ಲಾದಲ್ಲಿ 2009ರಲ್ಲಿ ಆಳ ಕೊರೆತದ ಯೋಜನೆಯೊಂದು ಕೇವಲ 2.1 ಕಿಲೋಮೀಟರಿನಲ್ಲಿಯೇ ಕರಗಿದ ಶಿಲಾರಸಕ್ಕೆ ತಾಗಿ ನಿಂತಿತು. ನಮ್ಮ ದಕ್ಷಿಣದ ನೆಲ ಕೋಟ್ಯಂತರ ವರ್ಷಗಳಿಂದ ಅಲುಗಾಡದೆ ತಣ್ಣಗಾದ, ಬಹಳ ಹಳೆಯ ಮತ್ತು ದಪ್ಪನೆಯ ಶಿಲಾಫಲಕ. ಐಸ್‌ಲ್ಯಾಂಡಾದರೋ ಎರಡು ಭೂಫಲಕಗಳು ಬೇರೆಯಾಗುತ್ತಿರುವ ಬಿರುಕಿನ ಮೇಲೆಯೇ ಕುಳಿತಿದೆ. ಪುತ್ತೂರು ತಾಲ್ಲೂಕಿನ ಇರ್ದೆಯ ಬೆಂದ್ರ್ ತೀರ್ಥದ ಬುಗ್ಗೆ ಮೈಗೆ ಹಿತವಾಗುವಷ್ಟು ಬೆಚ್ಚಗಿರುವುದನ್ನು ನೋಡಿ ಕರ್ನಾಟಕದಲ್ಲಿಯೂ ಇಂಥ ಸ್ಥಾವರವೇಕಾಗಬಾರದು ಎಂದು ಕೇಳುವವರಿಗೆ ಕೋಲಾರದ ಈ ಅಳತೆಯೇ ಉತ್ತರ.

ಬಿಸಿ ಬಂಡೆಯೊಂದೇ ಇದ್ದರೂ ಸಾಲದು. ಬಂಡೆಯಲ್ಲಿ ಬಿರುಕುಗಳಿದ್ದು ನೀರು ಅವುಗಳ ಮೂಲಕ ಓಡಾಡುವಂತಿರಬೇಕು, ಆ ನೀರಿಗೆ ಮಳೆಯಿಂದಲೋ ಹಿಮದಿಂದಲೋ ಮರುಪೂರಣ ಇರಬೇಕು, ಜೊತೆಗೆ ಬಿಸಿನೀರು ಸಲೀಸಾಗಿ ಮೇಲೆ ಸೋರಿಹೋಗದಂತೆ ಅದರ ನೆತ್ತಿಯ ಮೇಲೆ ಜೇಡಿಯಂಥ ಬಿಗಿಯಾದ ಪದರವೊಂದು ಮುಚ್ಚಳವಾಗಿ ಕುಳಿತಿರಬೇಕು. ಈ ನಾಲ್ಕೂ ಒಂದೇ ಕಡೆ ಕೂಡಿಬರುವುದು ಅಪರೂಪ. ಇಂಡೋನೇಷ್ಯಾ, ಫಿಲಿಪ್ಪೀನ್ಸ್, ನ್ಯೂಜಿಲೆಂಡ್, ಅಮೆರಿಕದ ಪಶ್ಚಿಮ ಭಾಗ, ಕೆನ್ಯಾದ ಬಿರುಕು ಕಣಿವೆ, ಟರ್ಕಿ, ಇಟಲಿಯ ಟಸ್ಕನಿ, ಹೀಗೆ ಈ ಸ್ಥಾವರಗಳು ಭೂಪಟದ ಕೆಲವೇ ಪಟ್ಟಿಗಳಲ್ಲಿ ಗುಂಪುಗೂಡಿರುವುದು ಆ ಕಾರಣದಿಂದ.

ಬಾವಿಯ ಬಾಯಲ್ಲಿ ಏನು ಬರುತ್ತದೆ ಎಂದು ಕೇಳಿ

ಸ್ಥಾವರದ ಬಗೆ ನಿರ್ಧಾರವಾಗುವುದು ಇಲ್ಲಿಯೇ.

ನೀರಿನ ಹನಿಯಿಲ್ಲದ ಒಣ ಹಬೆಯೇ ಬಂದರೆ ಅದನ್ನು ಸೋಸಿ ನೇರವಾಗಿ ಟರ್ಬೈನಿಗೆ ಬಿಡಬಹುದು. ಭೂಶಾಖದ ವಿದ್ಯುತ್ ಶುರುವಾದದ್ದು ಹೀಗೆ. ಟಸ್ಕನಿಯ ಲಾರ್ಡೆರೆಲ್ಲೊ ಎಂಬ ಊರು ಅದಕ್ಕೂ ಮೊದಲು ನೆಲದ ಬಿಸಿನೀರಿನಿಂದ ಬೋರಿಕ್ ಆಮ್ಲ ತೆಗೆಯುವ ಉದ್ಯಮಕ್ಕೆ ಹೆಸರಾಗಿತ್ತು; ಆ ಉದ್ಯಮವನ್ನು ಬೆಳೆಸಿದ ಫ್ರಾಂಸ್ವಾ ದ ಲಾರ್ಡೆರೆಲ್ ಎಂಬವರ ಹೆಸರೇ ಊರಿಗೂ ಬಂದಿತು. 1904ರ ಜುಲೈ 4ರಂದು ಪಿಯೆರೊ ಜಿನೊರಿ ಕೊಂಟಿ ಎಂಬ ಕುಲೀನ ಮನೆತನದವರು ನೆಲದ ಹಬೆಯಿಂದ ಸಣ್ಣ ಡೈನಮೊ ತಿರುಗಿಸಿ ಐದು ಬಲ್ಬುಗಳನ್ನು ಉರಿಸಿದರು. 1913ರಲ್ಲಿ ಅಲ್ಲಿಯೇ 250 ಕಿಲೋವ್ಯಾಟ್‌ನ ಮೊದಲ ವಾಣಿಜ್ಯ ಸ್ಥಾವರ ಆರಂಭವಾಯಿತು. ಒಣ ಹಬೆಯ ಇನ್ನೊಂದು ದೊಡ್ಡ ಕ್ಷೇತ್ರ ಕ್ಯಾಲಿಫೋರ್ನಿಯಾದ ಗೀಸರ್ಸ್. ಹೆಸರಿನಲ್ಲಿ ಗೀಸರ್ ಇದ್ದರೂ ಅಲ್ಲಿ ನೀರು ಚಿಮ್ಮುವ ಬುಗ್ಗೆಗಳಿಲ್ಲ, ಹಬೆ ಹೊರಡುವ ರಂಧ್ರಗಳಷ್ಟೇ ಇವೆ.

ಒಣ ಹಬೆಯ ಕ್ಷೇತ್ರಗಳು ಬೆರಳೆಣಿಕೆಯಷ್ಟು. ಹೆಚ್ಚಿನ ಕಡೆ ಸಿಗುವುದು ಒತ್ತಡದಲ್ಲಿರುವ ಅತಿಬಿಸಿಯಾದ ನೀರು. ಅಡುಗೆಮನೆಯ ಕುಕ್ಕರಿನಲ್ಲಿ ನೀರು 100 ಡಿಗ್ರಿಯನ್ನು ದಾಟಿ ಸುಮಾರು 120 ಡಿಗ್ರಿಯವರೆಗೆ ಕಾಯುವುದು ಒತ್ತಡದ ಕಾರಣದಿಂದ. ನೆಲದಾಳದಲ್ಲಿ ಮೇಲಿನ ನೀರಿನ ಭಾರವೇ ಆ ಒತ್ತಡ; ಹಾಗಾಗಿ 250 ಡಿಗ್ರಿಯಲ್ಲಿಯೂ ನೀರು ನೀರಾಗಿಯೇ ಇರಬಲ್ಲದು. ಅದನ್ನು ಮೇಲೆ ತಂದು ಒತ್ತಡ ಇಳಿಸಿದರೆ ಒಂದು ಪಾಲು ತಟ್ಟನೆ ಹಬೆಯಾಗುತ್ತದೆ. 250 ಡಿಗ್ರಿಯ ನೀರು 150 ಡಿಗ್ರಿಗೆ ಇಳಿಯುವಾಗ ಹಬೆಯಾಗುವುದು ತೂಕದಲ್ಲಿ ಸುಮಾರು ಐದನೆಯ ಒಂದು ಭಾಗ. ಉಳಿದ ನಾಲ್ಕು ಭಾಗ ಬಿಸಿನೀರಾಗಿಯೇ ಉಳಿಯುತ್ತದೆ ಎಂಬುದನ್ನು ನೆನಪಿನಲ್ಲಿಡಿ, ಅದಕ್ಕೆ ಮುಂದೆ ಮರಳಿ ಬರಬೇಕಾಗಿದೆ. ಈ ಬಗೆಯ ಸ್ಥಾವರವನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ನಡೆಸಿದ್ದು ನ್ಯೂಜಿಲೆಂಡಿನ ವೈರಾಕೆಯಲ್ಲಿ, 1958ರಲ್ಲಿ. ಇಂದು ಲೋಕದ ಭೂಶಾಖ ವಿದ್ಯುತ್ತಿನಲ್ಲಿ ದೊಡ್ಡ ಪಾಲು ಬರುವುದು ಇದೇ ವಿಧಾನದಿಂದ.

ನೀರು 150 ಡಿಗ್ರಿಯ ಆಸುಪಾಸಿನಲ್ಲಿಯೋ ಅದಕ್ಕಿಂತ ಕಡಿಮೆಯೋ ಇದ್ದರೆ ಮೂರನೆಯ ಹಾದಿ ಹಿಡಿಯುತ್ತಾರೆ. ಬಾವಿಯ ನೀರು ಟರ್ಬೈನನ್ನು ಮುಟ್ಟುವುದೇ ಇಲ್ಲ. ಪೆಂಟೇನ್‌ನಂಥ, 36 ಡಿಗ್ರಿಯಲ್ಲಿಯೇ ಕುದಿಯುವ ಇನ್ನೊಂದು ದ್ರವಕ್ಕೆ ತನ್ನ ಶಾಖವನ್ನು ದಾಟಿಸಿ ಅದು ಹಿಂದಿರುಗುತ್ತದೆ; ಟರ್ಬೈನನ್ನು ತಿರುಗಿಸುವುದು ಆ ದ್ರವದ ಆವಿ. ಎರಡು ದ್ರವಗಳು ಎರಡು ಬೇರೆ ಬೇರೆ ಸುತ್ತಿನಲ್ಲಿ ಹರಿಯುವುದರಿಂದ ಇದನ್ನು ಬೈನರಿ, ಅಂದರೆ ಜೋಡಿ ಸುತ್ತಿನ ಸ್ಥಾವರ ಎನ್ನುತ್ತಾರೆ. ಅಲಾಸ್ಕಾದ ಚೇನಾ ಹಾಟ್ ಸ್ಪ್ರಿಂಗ್ಸ್‌ನಲ್ಲಿ 2006ರಿಂದ ಕೇವಲ 74 ಡಿಗ್ರಿಯ ನೀರಿನಿಂದ ವಿದ್ಯುತ್ ತೆಗೆಯಲಾಗಿದೆ.

ಭಾರತದಲ್ಲಿ ಈ ವಿಧಾನದ ಮೊದಲ ಪ್ರಯೋಗಕ್ಕೆ ಬೆಂಗಳೂರಿನ ನಂಟಿದೆ. ಗುರುದ್ವಾರದ ಬಳಿ ಬುಗ್ಗೆಯಲ್ಲಿಯೇ ಪಾತ್ರೆಯಿಳಿಸಿ ಅನ್ನ ಬೇಯಿಸುವ, ಹಿಮಾಚಲದ ಮಣಿಕರಣ್‌ನಲ್ಲಿ, ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದವರು 5 ಕಿಲೋವ್ಯಾಟ್‌ನ ಪುಟ್ಟ ಬೈನರಿ ಘಟಕವೊಂದನ್ನು ನಡೆಸಿ ತೋರಿಸಿದ್ದರು. ನೆಲದ ಬಿಸಿ ಕಡಿಮೆಯಿರುವ ನಮ್ಮಂಥ ದೇಶಕ್ಕೆ ಈ ಮೂರನೆಯ ಹಾದಿಯೇ ಹೆಚ್ಚು ಹೊಂದುವುದೆಂದು ನಾನು ಭಾವಿಸುತ್ತೇನೆ.

ಲೆಕ್ಕವನ್ನು ನೀವೇ ಹಾಕಿ ನೋಡಿ

ಬಾವಿಯಿಂದ ಸೆಕೆಂಡಿಗೆ 100 ಕಿಲೋಗ್ರಾಂ ನೀರು 150 ಡಿಗ್ರಿಯಲ್ಲಿ ಬರುತ್ತದೆ, ಸ್ಥಾವರದಲ್ಲಿ ಅದು 70 ಡಿಗ್ರಿಗೆ ತಣಿಯುತ್ತದೆ ಎಂದಿಟ್ಟುಕೊಳ್ಳಿ. ಒಂದು ಕಿಲೋ ನೀರು ಒಂದು ಡಿಗ್ರಿ ತಣಿದರೆ ಸುಮಾರು 4.2 ಕಿಲೋಜೂಲ್ ಶಾಖ ಸಿಗುತ್ತದೆ. 100ನ್ನು 4.2ರಿಂದ, ಬಂದದ್ದನ್ನು 80ರಿಂದ ಗುಣಿಸಿದರೆ 33,600 ಕಿಲೋವ್ಯಾಟ್, ಅಂದರೆ 33.6 ಮೆಗಾವ್ಯಾಟ್ ಶಾಖ. ಇದನ್ನು ಕಂಡು ಹಿಗ್ಗಬೇಡಿ, ಏಕೆಂದರೆ ಇದು ಇನ್ನೂ ವಿದ್ಯುತ್ ಅಲ್ಲ. ಇಷ್ಟು ಉಷ್ಣತೆಯಲ್ಲಿ ಹತ್ತರಲ್ಲಿ ಒಂದು ಪಾಲು ವಿದ್ಯುತ್ತಾದರೆ ಅದೇ ಸಹಜ. ಕೈಗೆ ಬರುವುದು 3.4 ಮೆಗಾವ್ಯಾಟ್‌ನ ಆಸುಪಾಸು. ಅದರಲ್ಲಿಯೂ ಪಂಪುಗಳು ಮತ್ತು ತಂಪುಮಾಡುವ ಫ್ಯಾನುಗಳು ತಮ್ಮ ಪಾಲನ್ನು ತೆಗೆದುಕೊಳ್ಳುತ್ತವೆ. ಆದ್ದರಿಂದ ವರದಿಯಲ್ಲಿ ಮೆಗಾವ್ಯಾಟ್ ಎಂದು ಕಂಡರೆ ಮೂರನ್ನು ಬೇರ್ಪಡಿಸಿ ಕೇಳಬೇಕು: ಅದು ಶಾಖದ ಮೆಗಾವ್ಯಾಟೋ, ಜನರೇಟರಿನ ಮೆಗಾವ್ಯಾಟೋ, ಗ್ರಿಡ್ಡಿಗೆ ಸೇರುವ ನಿವ್ವಳ ಮೆಗಾವ್ಯಾಟೋ?

ರಾಯಚೂರಿನ 210 ಮೆಗಾವ್ಯಾಟ್ ಘಟಕಗಳು ಕಲ್ಲಿದ್ದಲಿನ ಶಾಖದಲ್ಲಿ ಮೂರನೆಯ ಒಂದು ಭಾಗದಷ್ಟನ್ನು ವಿದ್ಯುತ್ತಾಗಿಸುವಾಗ ಭೂಶಾಖಕ್ಕೆ ಹತ್ತನೆಯ ಒಂದು ಭಾಗವೇಕೆ ಎಂಬ ಪ್ರಶ್ನೆ ಸಹಜವೇ. ಅಲ್ಲಿ ಹಬೆ 500 ಡಿಗ್ರಿಯನ್ನು ಮೀರಿ ಕಾದಿರುತ್ತದೆ. ಇಲ್ಲಿ 150 ಅಥವಾ 200. ಬಿಸಿ ತುದಿಗೂ ತಣ್ಣನೆಯ ತುದಿಗೂ ಇರುವ ಅಂತರ ಕಿರಿದಾದಷ್ಟೂ ಶಾಖಯಂತ್ರದ ದಕ್ಷತೆ ತಗ್ಗುತ್ತದೆ. ಇದು ಯಂತ್ರ ಕಟ್ಟಿದವರ ತಪ್ಪಲ್ಲ, ನಿಸರ್ಗದ ನಿಯಮ.

ಆದರೆ ಈ ಕೊರತೆಯನ್ನು ತುಂಬಿಕೊಡುವ ಗುಣವೊಂದು ಭೂಶಾಖಕ್ಕಿದೆ. ಹಗಲು, ರಾತ್ರಿ, ಮೋಡ, ಗಾಳಿ ಯಾವುದರ ಹಂಗೂ ಅದಕ್ಕಿಲ್ಲ. 1 ಮೆಗಾವ್ಯಾಟ್‌ನ ಘಟಕ ವರ್ಷದ 8,760 ಗಂಟೆಗಳಲ್ಲಿ ಶೇಕಡಾ 90ರಷ್ಟು ಹೊತ್ತು ಪೂರ್ಣವಾಗಿ ನಡೆದರೆ ಸುಮಾರು 79 ಲಕ್ಷ ಯೂನಿಟ್ ಕೊಡುತ್ತದೆ. ಅಷ್ಟೇ ಸಾಮರ್ಥ್ಯದ ಸೌರ ಘಟಕವು ಶೇಕಡಾ 20ರ ಲೆಕ್ಕದಲ್ಲಿ ಕೊಡುವುದು ಸುಮಾರು 17.5 ಲಕ್ಷ ಯೂನಿಟ್. ಇನ್ನು ಉಳಿದ ಶಾಖವನ್ನೂ ಬಳಸಿಕೊಳ್ಳುವ ಊರುಗಳ ಲೆಕ್ಕವೇ ಬೇರೆ. ಐಸ್‌ಲ್ಯಾಂಡಿನ ನೆಸ್ಯಾವೆಟ್ಲಿರ್ ಸ್ಥಾವರದಲ್ಲಿ ವಿದ್ಯುತ್ತಿನ ಜೊತೆಗೆ ಕಾಯಿಸಿದ ನೀರು ಸುಮಾರು 27 ಕಿಲೋಮೀಟರ್ ಕೊಳವೆಯಲ್ಲಿ ಹರಿದು ರೇಕ್ಯಾವಿಕ್ ಕಡೆಗೆ ಹೋಗಿ ಮನೆಗಳನ್ನು ಬೆಚ್ಚಗಿಡುತ್ತದೆ. ಅಷ್ಟು ದೂರಕ್ಕೆ ಅದು ಕಳೆದುಕೊಳ್ಳುವುದು ಎರಡು ಡಿಗ್ರಿಗಿಂತ ಕಡಿಮೆ.

ಕೊನೆಗೆ ನೀರು ಎಲ್ಲಿಗೆ ಹೋಗುತ್ತದೆ

ಭೂಶಾಖವನ್ನು ನವೀಕರಿಸಬಹುದಾದ ಶಕ್ತಿ ಎಂದು ಕರೆಯುವುದು ಎಷ್ಟು ಸರಿ ಎಂಬುದು ತೀರ್ಮಾನವಾಗುವುದು ಈ ಪ್ರಶ್ನೆಯಲ್ಲಿ. ಬಂಡೆಯಲ್ಲಿರುವ ಶಾಖ ಅಪಾರ. ಅದನ್ನು ಹೊತ್ತು ತರುವ ನೀರು ಅಪಾರವಲ್ಲ.

ಗೀಸರ್ಸ್ ಕ್ಷೇತ್ರದ ಇತಿಹಾಸವನ್ನೇ ನೋಡಿ. 1960ರಲ್ಲಿ 11 ಮೆಗಾವ್ಯಾಟ್‌ನಿಂದ ಆರಂಭವಾದ ಅದು 1980ರ ದಶಕದ ಕೊನೆಯ ಹೊತ್ತಿಗೆ ಬಹಳ ದೊಡ್ಡದಾಗಿ ಬೆಳೆದಿತ್ತು. ಒಂದರ ಪಕ್ಕ ಒಂದರಂತೆ ಬಾವಿ ಕೊರೆದು ಹಬೆಯನ್ನು ಎಳೆದದ್ದೇ ಎಳೆದದ್ದು. ಹಬೆಯ ಬಹುಪಾಲು ತಂಪುಗೋಪುರಗಳಿಂದ ಆಕಾಶಕ್ಕೆ ಹೋಯಿತು. ಕೆಳಗೆ ಬಂಡೆ ಬಿಸಿಯಾಗಿಯೇ ಇತ್ತು, ಆದರೆ ಹಬೆಯ ಒತ್ತಡ ಕುಸಿದು ಉತ್ಪಾದನೆಯೂ ಇಳಿಯಿತು. ಪರಿಹಾರವಾಗಿ ಅವರು ಕಂಡುಕೊಂಡದ್ದು ಊರಿನ ಕೊಳಚೆ ನೀರು. 1997ರಲ್ಲಿ ಲೇಕ್ ಕೌಂಟಿಯಿಂದ, 2003ರಲ್ಲಿ ಸಾಂಟಾ ರೋಸಾ ನಗರದಿಂದ ಶುದ್ಧೀಕರಿಸಿದ ತ್ಯಾಜ್ಯನೀರನ್ನು ಕೊಳವೆಯಲ್ಲಿ ತಂದು ನೆಲದೊಳಗೆ ಇಳಿಸತೊಡಗಿದ ಮೇಲೆ ಕುಸಿತ ತಹಬಂದಿಗೆ ಬಂತು. ಊರಿಗೆ ಬೇಡವಾದ ನೀರೇ ಬಂಡೆಗೆ ಬೇಕಾದ ನೀರಾಯಿತು ಎಂಬುದು ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ.

ವೈರಾಕೆಯದು ಇನ್ನೊಂದು ಬಗೆಯ ಪಾಠ. ಹಬೆಯಾಗದೆ ಉಳಿದ ನಾಲ್ಕು ಭಾಗ ನೀರನ್ನು ಅಲ್ಲಿ ದಶಕಗಳ ಕಾಲ ನೆಲಕ್ಕೆ ಹಿಂದಿರುಗಿಸದೆ ವೈಕಾಟೊ ನದಿಗೆ ಬಿಟ್ಟರು. ಅಡಿಯಲ್ಲಿ ಒತ್ತಡ ಇಳಿದಂತೆ ಮೇಲಿನ ಪದರಗಳು ಅದುಮಿಕೊಂಡು ಒಂದು ಜಾಗದಲ್ಲಿ ನೆಲವೇ ಸುಮಾರು 15 ಮೀಟರ್ ಕುಸಿಯಿತು. ಹತ್ತಿರದ ಕಣಿವೆಯಲ್ಲಿ ಚಿಮ್ಮುತ್ತಿದ್ದ ಬುಗ್ಗೆಗಳು ನಿಂತುಹೋದವು. ಆಳದ ನೀರಿನಲ್ಲಿ ಕರಗಿರುವ ಆರ್ಸೆನಿಕ್, ಬೋರಾನ್ ಮುಂತಾದವು ನದಿಗೆ ಸೇರುವುದು ಬೇರೆಯದೇ ಚಿಂತೆ. ಐಸ್‌ಲ್ಯಾಂಡಿನ ಸ್ವಾರ್ಟ್ಸೆಂಗಿ ಸ್ಥಾವರ 1976ರಲ್ಲಿ ಶುರುವಾದಾಗ ಅದರಿಂದ ಹೊರಬಂದ ನೀರನ್ನು ಲಾವಾ ಬಯಲಿಗೆ ಬಿಟ್ಟದ್ದರಿಂದ, ಅದರಲ್ಲಿದ್ದ ಸಿಲಿಕಾ ಲಾವಾದ ರಂಧ್ರಗಳನ್ನು ಮುಚ್ಚಿ ಕೊಳವೊಂದು ನಿಂತಿತು. ಪ್ರವಾಸಿಗರು ಇಂದು ಬ್ಲೂ ಲಗೂನ್ ಎಂದು ಹುಡುಕಿಕೊಂಡು ಹೋಗುವ ನೀಲಿ ಕೊಳ ಅದೇ. ಇದೇ ಸಿಲಿಕಾ ಕೊಳವೆಗಳೊಳಗೆ ಕಲ್ಲಿನಂತೆ ಕಟ್ಟಿಕೊಂಡು ಸ್ಥಾವರ ನಡೆಸುವವರಿಗೆ ನಿತ್ಯದ ತಲೆನೋವಾಗುತ್ತದೆ.

ಆದ್ದರಿಂದ ಯಾವ ಯೋಜನೆಯ ವಿವರದಲ್ಲಿಯೇ ಆಗಲಿ ನೀರು ತೆಗೆಯುವ ಬಾವಿಗಳ ಜೊತೆಗೆ ನೀರು ಹಿಂದಿರುಗಿಸುವ ಬಾವಿಗಳ ಉಲ್ಲೇಖವಿದೆಯೇ ಎಂದು ನೋಡಿ. ಅವು ತೆಗೆಯುವ ಬಾವಿಗಳಿಗೆ ತೀರಾ ಹತ್ತಿರವಿದ್ದರೆ ತಣಿದ ನೀರು ಬೇಗನೆ ಅಲ್ಲಿಗೆ ತಲುಪಿ ಬಿಸಿಯನ್ನು ಕೆಡಿಸುತ್ತದೆ. ತೀರಾ ದೂರವಿದ್ದರೆ ಒತ್ತಡ ಉಳಿಯುವುದಿಲ್ಲ. ನೀರಿನ ಜೊತೆ ಬರುವ ಅನಿಲಗಳ ಬಗೆಗೂ ಕೇಳಿ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಮತ್ತು ಇಂಗಾಲದ ಡೈಆಕ್ಸೈಡ್ ಬಹುತೇಕ ಕ್ಷೇತ್ರಗಳಲ್ಲಿರುತ್ತವೆ, ಕಲ್ಲಿದ್ದಲಿನ ಹೊಗೆಗೆ ಹೋಲಿಸಿದರೆ ಸಾಮಾನ್ಯವಾಗಿ ಬಹಳ ಕಡಿಮೆ. ಐಸ್‌ಲ್ಯಾಂಡಿನ ಹೆಟ್ಲಿಶೈದಿಯಲ್ಲಿ ಕಾರ್ಬ್‌ಫಿಕ್ಸ್ ಯೋಜನೆಯವರು ಈ ಅನಿಲಗಳನ್ನು ನೀರಿನಲ್ಲಿ ಕರಗಿಸಿ ಬಸಾಲ್ಟ್ ಬಂಡೆಗೆ ಇಳಿಸಿದಾಗ ಹೆಚ್ಚಿನ ಇಂಗಾಲ ಎರಡೇ ವರ್ಷಗಳೊಳಗೆ ಖನಿಜವಾಗಿ ಗಟ್ಟಿಯಾದದ್ದು ಕಂಡುಬಂತು.

ನೀರೇ ಇಲ್ಲದ ಬಿಸಿ ಬಂಡೆಗೆ ಒತ್ತಡದಿಂದ ನೀರು ನುಗ್ಗಿಸಿ, ಬಿರುಕುಗಳನ್ನು ಅಗಲಿಸಿ ಶಾಖ ತೆಗೆಯುವ ವಿಧಾನದ ಬಗೆಗೆ ಮಾತ್ರ ಹೆಚ್ಚಿನ ಎಚ್ಚರ ಬೇಕು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ 2006ರ ಡಿಸೆಂಬರಿನಲ್ಲಿ ಇದರಿಂದ 3.4ರ ತೀವ್ರತೆಯ ಕಂಪನವಾಗಿ ಯೋಜನೆಯನ್ನೇ ಕೈಬಿಡಬೇಕಾಯಿತು. ದಕ್ಷಿಣ ಕೊರಿಯಾದ ಪೊಹಾಂಗ್‌ನಲ್ಲಿ 2017ರ ನವೆಂಬರ್ 15ರಂದು ಸುಮಾರು 5.5ರ ಭೂಕಂಪವಾಗಿ ಹಲವರು ಗಾಯಗೊಂಡರು; ಅದನ್ನು ಪ್ರಚೋದಿಸಿದ್ದು ಭೂಶಾಖ ಯೋಜನೆಯ ನೀರು ನುಗ್ಗಿಸುವಿಕೆಯೇ ಎಂದು ಸರ್ಕಾರ ನೇಮಿಸಿದ ತಜ್ಞರ ತಂಡ 2019ರಲ್ಲಿ ತಿಳಿಸಿತು. ಸಹಜ ಬಿಸಿನೀರಿನ ಕ್ಷೇತ್ರಗಳಿಗೂ ಇವುಗಳಿಗೂ ಇರುವ ಭೇದವನ್ನು ಮರೆತು ಎಲ್ಲ ಭೂಶಾಖ ಸ್ಥಾವರಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಪೂಗಾ ಕಣಿವೆಗೆ ಈ ಪ್ರಶ್ನೆಗಳನ್ನು ಹಾಕಿ ನೋಡಿದರೆ

ಭಾರತದಲ್ಲಿ ಮುನ್ನೂರಕ್ಕೂ ಹೆಚ್ಚು ಬಿಸಿನೀರಿನ ಬುಗ್ಗೆಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಗುರುತಿಸಿದೆ. ದೇಶದ ಭೂಶಾಖ ಸಾಧ್ಯತೆ ಸುಮಾರು 10,600 ಮೆಗಾವ್ಯಾಟ್ ಎಂಬ ಅಂದಾಜು ಬಹಳ ಕಾಲದಿಂದ ಬಳಕೆಯಲ್ಲಿದೆ. ಅದು ಸಾಧ್ಯತೆಯ ಅಂದಾಜೇ ಹೊರತು ಕೊರೆದು ನೋಡಿ ಅಳೆದದ್ದಲ್ಲ. 2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಭೂಶಾಖ ನೀತಿಯನ್ನು ಪ್ರಕಟಿಸಿರುವುದರಿಂದ ಇಂಥ ಸುದ್ದಿಗಳು ಇನ್ನು ಮುಂದೆ ಹೆಚ್ಚಾಗಿಯೇ ಬರಲಿವೆ.

ಲಡಾಖಿನ ಪೂಗಾ ಕಣಿವೆ ಸಮುದ್ರಮಟ್ಟದಿಂದ ಸುಮಾರು 4,400 ಮೀಟರ್ ಎತ್ತರದಲ್ಲಿದೆ. ಲಾರ್ಡೆರೆಲ್ಲೊದಂತೆ ಇಲ್ಲಿಯೂ ಜನ ಮೊದಲು ಕಂಡುಕೊಂಡದ್ದು ಬುಗ್ಗೆಗಳ ಅಂಚಿನಲ್ಲಿ ಕಟ್ಟುವ ಬಿಳಿಗಾರವನ್ನು ಮತ್ತು ಗಂಧಕವನ್ನು. 2021ರ ಫೆಬ್ರವರಿಯಲ್ಲಿ ಒಎನ್‌ಜಿಸಿಯ ಇಂಧನ ಕೇಂದ್ರವು ಲಡಾಖ್ ಆಡಳಿತ ಮತ್ತು ಲೇಹ್‌ನ ಗುಡ್ಡಗಾಡು ಅಭಿವೃದ್ಧಿ ಮಂಡಳಿಯೊಂದಿಗೆ ಮಾಡಿಕೊಂಡ ಒಪ್ಪಂದದಲ್ಲಿ ಮೊದಲ ಹಂತದ ಗುರಿ 1 ಮೆಗಾವ್ಯಾಟ್. ನೀರು ಕಾಯುವ ಜಾಗದ ಪ್ರಶ್ನೆಗೆ ಉತ್ತರ ಆಶಾದಾಯಕವಾಗಿದೆ: ಇದು ಭಾರತ ಮತ್ತು ಏಷ್ಯಾ ಫಲಕಗಳು ಒಂದಕ್ಕೊಂದು ಒತ್ತಿ ನಿಂತ ಹೊಲಿಗೆಯ ಸಮೀಪದ ನೆಲ. ಬುಗ್ಗೆಗಳು 80 ಡಿಗ್ರಿಯನ್ನು ಮೀರಿ ಬಿಸಿಯಿವೆ. ಅಷ್ಟು ಎತ್ತರದಲ್ಲಿ ನೀರು ಕುದಿಯುವುದೇ ಸುಮಾರು 85 ಡಿಗ್ರಿಯಲ್ಲಿ. ಲೆಕ್ಕದ ಪ್ರಶ್ನೆಯಲ್ಲಿ ಪೂಗಾಕ್ಕೆ ಒಂದು ಅನುಕೂಲವಿದೆ. ದಕ್ಷತೆ ನಿಂತಿರುವುದು ಬಿಸಿ ಮತ್ತು ತಂಪಿನ ಅಂತರದ ಮೇಲೆ ಎಂದೆವಲ್ಲ, ಲಡಾಖಿನ ಚಳಿಯೇ ಆ ಅಂತರವನ್ನು ಹಿಗ್ಗಿಸುತ್ತದೆ. ಹೊಳೆಗಳು ಹೆಪ್ಪುಗಟ್ಟಿ ಕಿರು ಜಲವಿದ್ಯುತ್ ಕುಗ್ಗುವ, ಹಗಲು ಚಿಕ್ಕದಾಗುವ ಜನವರಿಯಲ್ಲಿ ಇಂಥ ಸ್ಥಾವರ ತನ್ನ ಅತ್ಯುತ್ತಮ ಉತ್ಪಾದನೆಯನ್ನು ಕೊಡಬಲ್ಲದು.

ಉಳಿದದ್ದು ಕೊನೆಯ ಪ್ರಶ್ನೆ. ಪೂಗಾದ ಹಳ್ಳ ಮುಂದೆ ಹರಿದು ಸಿಂಧೂ ನದಿಯನ್ನು ಸೇರುತ್ತದೆ, ಆ ಹುಲ್ಲುಗಾವಲುಗಳಲ್ಲಿ ಚಾಂಗ್ಪಾ ಕುರಿಗಾಹಿಗಳ ಮಂದೆಗಳು ಮೇಯುತ್ತವೆ, ಬುಗ್ಗೆಯ ನೀರಿನಲ್ಲಿಯಾದರೋ ಬಿಳಿಗಾರದ ಮೂಲವಾದ ಬೋರಾನ್ ತುಂಬಿದೆ. ಆದ್ದರಿಂದ ಪೂಗಾದ ಮುಂದಿನ ಯಾವ ವರದಿ ಕೈಗೆ ಸಿಕ್ಕರೂ ಮೆಗಾವ್ಯಾಟ್‌ನ ಅಂಕಿಗಿಂತ ಮೊದಲು, ತಣಿದ ನೀರನ್ನು ಮರಳಿ ಆಳಕ್ಕೆ ಇಳಿಸುವ ಎರಡನೆಯ ಬಾವಿಯ ವಿವರ ಯಾವ ಪುಟದಲ್ಲಿದೆ ಎಂದು ಹುಡುಕಿ.